ಕಡಿಮೆ ಕರೆಂಟಿನ ತಂಪು

ಪೆಟ್ಟಿಗೆ ಸದ್ದು ನಿಲ್ಲಿಸಿತು. ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಿವಿಯನ್ನು ಅದರ ಮಗ್ಗುಲಿಗೆ ಒತ್ತಿಕೊಂಡಿದ್ದವನು ತಲೆಯೆತ್ತಲಿಲ್ಲ. ತಂಪು ಪೆಟ್ಟಿಗೆಯ ಯೋಗ್ಯತೆ ಅದು ಓಡುವುದರಲ್ಲಿಲ್ಲ, ಸುಮ್ಮನಿರುವುದರಲ್ಲಿದೆ. ಒಮ್ಮೆ ತಣ್ಣಗಾದ ಮೇಲೆ ಎಷ್ಟು ಹೊತ್ತು ಕರೆಂಟು ಕೇಳದೆ ಬಿದ್ದಿರುತ್ತದೆ ಎಂಬುದರಲ್ಲಿದೆ ಎಂದು ಅವನು ಆಗಲೇ ಸೇಲ್ಸಿನ ಹುಡುಗಿಗೆ ವಿವರಿಸಿದ್ದ. ಅವಳು "ಹೌದಾ ಸಾರ್" ಎಂದು ತಲೆಯಾಡಿಸಿ, ಮಿಕ್ಸಿ ಕೊಳ್ಳಲು ಬಂದಿದ್ದ ಗಂಡಹೆಂಡಿರ ಕಡೆಗೆ ಹೋಗಿಬಿಟ್ಟಿದ್ದಳು. ಗೋಡೆಯ ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಅವನು ಕಾರ್ಖಾನೆಯಿಂದ ತಂದಿದ್ದ ಮೀಟರು ಕೂತಿತ್ತು. ಅದರಲ್ಲಿ ಸೊನ್ನೆ ಮೂಡಿದ್ದನ್ನು ನೋಡಿ ಒಳಗೊಳಗೇ ಖುಷಿಯಾಯಿತು. ಸೊನ್ನೆ ಕಂಡರೆ ಖುಷಿಪಡುವ ಗಂಡಸು ಲೋಕದಲ್ಲಿ ಇವರೊಬ್ಬರೇ ಎಂದು ಹೆಂಡತಿ ತನ್ನ ತಮ್ಮನ ಎದುರು ಹೇಳಿದ್ದು ನೆನಪಾಗಿ, ಆ ಖುಷಿಯ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದಂತಾಯಿತು. ಅಂಗಡಿಯ ಮಾಲೀಕ ಕ್ಯಾಶಿನ ಹಿಂದಿನಿಂದ ಎದ್ದು ಬಂದ.

"ಸಾರ್, ಈ ವಾರ ನಮ್ಮ ಕೆಲಸದವರಿಗಿಂತ ನೀವೇ ಜಾಸ್ತಿ ಡ್ಯೂಟಿ ಮಾಡಿದೀರ. ನಾಳೆಯಿಂದ ಹಾಜರಿ ಹಾಕ್ಲಾ?"

"ಒಂದ್ ನಿಮಿಷ. ಮತ್ತೆ ಯಾವಾಗ ಓಡತ್ತೆ ನೋಡ್ಬೇಕು."

"ನೋಡಿ, ನೋಡಿ. ಹೆರಿಗೆ ವಾರ್ಡಿನ ಹೊರಗೆ ಕೂತಂಗೆ ಕೂತಿದೀರ. ಗಂಡೋ ಹೆಣ್ಣೋ ಆದ್ಮೇಲೆ ಹೇಳಿ, ಬಿಲ್ ಮಾಡ್ತೀನಿ."

ಮಿಕ್ಸಿಯವರು ನಕ್ಕರು. ಅವನೂ ನಕ್ಕ. ತನ್ನ ಮೇಲಿನ ಜೋಕಿಗೆ ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಗುವ ಅಭ್ಯಾಸ ಅವನಿಗೆ ಕಾರ್ಖಾನೆಯಲ್ಲಿ ಆಗಿತ್ತು. ಆ ಪೈಪಿನ ಕಾರ್ಖಾನೆಯಲ್ಲಿ ವಿದ್ಯುತ್ ಉಳಿತಾಯ ನೋಡಿಕೊಳ್ಳುವುದು ಅವನ ಕೆಲಸ. ಅವನಿಗಲ್ಲಿ ಇಟ್ಟ ಹೆಸರು ಸ್ವಿಚ್ಚಪ್ಪ. ಶೌಚಾಲಯದಲ್ಲಿ ಜನ ಇರುವಾಗಲೇ ದೀಪ ಆರಿಸಿದನೆಂಬ ಕತೆ ಹಬ್ಬಿತ್ತು. ಅದು ಸುಳ್ಳು, ಆರಿಸಿದ್ದು ನಿಜ, ಒಳಗೆ ಜನ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಹೆಸರು ಅವನನ್ನು ಅಷ್ಟೇನೂ ಕಾಡುತ್ತಿರಲಿಲ್ಲ. ಕಾಡುತ್ತಿದ್ದದ್ದು ಸೋಮವಾರ. ಸೋಮವಾರ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿಗೆ ಬಿಸಿಲಿಗೆ ಮೂಗಿನ ತುದಿ ಸುಲಿದುಕೊಂಡು, ಕತ್ತು ಕೆಂಪಗೆ ಮಾಡಿಕೊಂಡು ಕೆಲವರು ಬಂದು ಕೂರುತ್ತಿದ್ದರು. ಅವರು ಹಿಂದಿನ ದಿನ ದೊಡ್ಡವರ ಬೋಟಿನಲ್ಲಿ ಹಿನ್ನೀರಿಗೆ ಹೋಗಿಬಂದವರು. ದೊಡ್ಡವರು ಎಂದರೆ ಕಾರ್ಖಾನೆಯ ಜನರಲ್ ಮ್ಯಾನೇಜರು. ಅವರನ್ನು ಯಾರೂ ಹುದ್ದೆ ಹಿಡಿದು ಕರೆಯುತ್ತಿರಲಿಲ್ಲ. ಬೋಟಿಗೆ ಹೋದವರಿಗೆ ಮುಂದೆ ಏನಾದರೂ ಆಗುತ್ತಿತ್ತು: ಒಬ್ಬನಿಗೆ ಕೋಣೆ, ಇನ್ನೊಬ್ಬನಿಗೆ ಕೈಕೆಳಗೆ ಮೂವರು. ಏನೂ ಆಗದಿದ್ದರೂ ಕನಿಷ್ಠ ಅವರು ಮಾತಾಡುವಾಗ ಬೇರೆಯವರು ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಸೇರಿದಾಗಿನಿಂದ ಅವನನ್ನು ಒಮ್ಮೆಯೂ ಕರೆದಿರಲಿಲ್ಲ. ಒಂದು ಭಾನುವಾರ ಅವನು ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಬಿಸಿಲಿಗೆ ಮುಖ ಒಡ್ಡಿ ಕೂತಿದ್ದ. ಬಟ್ಟೆ ಒಣಹಾಕಲು ಬಂದ ಹೆಂಡತಿ ಏನಿದು ಎಂದಾಗ ವಿಟಮಿನ್ ಎಂದಿದ್ದ. ಮರುದಿನ ಕ್ಯಾಂಟೀನಿನಲ್ಲಿ ಯಾರೂ ಅವನ ಮೂಗನ್ನು ನೋಡಲಿಲ್ಲ.

ಕೊನೆಗೂ ದೊಡ್ಡವರು ಕರೆದದ್ದು ಕಾರಿಡಾರಿನಲ್ಲಿ, ನಡೆಯುತ್ತಲೇ. "ಏನ್ರೀ, ಈ ಭಾನುವಾರ ಬೋಟಿಗೆ ಬನ್ನಿ. ಮನೆಯವರನ್ನೂ ಕರ್ಕೊಂಡ್ ಬನ್ನಿ." ಅವನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವರು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದ್ದರು. "ಹಾಂ, ಒಂದು ಕೂಲ್‌ಬಾಕ್ಸ್ ಬೇಕಲ್ರಿ. ಹಳೇದು ಬ್ಯಾಟ್ರಿನೆಲ್ಲ ಕುಡಿದುಬಿಡತ್ತೆ. ಹೋದ ಸಲ ನಡುನೀರಲ್ಲಿ ಎಂಜಿನ್ ಸ್ಟಾರ್ಟೇ ಆಗ್ಲಿಲ್ಲ, ಮೀನು ಹಿಡಿಯೋರು ಎಳ್ಕೊಂಡ್ ಬಂದ್ರು. ಮರ್ಯಾದೆ ಹೋಯ್ತು. ಕರೆಂಟ್ ವಿಷ್ಯ ನಿಮಗೆ ಗೊತ್ತಲ್ಲ, ಕಡಿಮೆ ಕುಡಿಯೋದು ಒಂದು ನೋಡಿ ತನ್ನಿ. ಬಿಲ್ಲು ಕಂಪನಿಗೆ." ಎರಡು ಮಾತುಗಳಲ್ಲಿ ಯಾವುದು ಮೊದಲು ಹುಟ್ಟಿತು, ಕರೆಯೋ ಪೆಟ್ಟಿಗೆಯೋ ಎಂದು ಅವನು ಅಂದಿನಿಂದ ಯೋಚಿಸುತ್ತಲೇ ಇದ್ದ. ಕರೆ ಮೊದಲು ಎಂದು ಒಮ್ಮೆ ತೀರ್ಮಾನಿಸುತ್ತಿದ್ದ: ಬಾಯಿಂದ ಮೊದಲು ಬಂದದ್ದು ಅದೇ ತಾನೆ. ಹಾಗಾದರೆ 'ಹಾಂ' ಎನ್ನುವಾಗ ಅವರ ಮುಖದಲ್ಲಿ ನೆನಪಾದವರ ಚಹರೆ ಇರಬೇಕಿತ್ತು. ಇದ್ದದ್ದು, ಅಂತೂ ವಿಷಯಕ್ಕೆ ಬಂದೆ ಎನ್ನುವವರ ಚಹರೆ.

ಕರೆಯನ್ನು ಗಟ್ಟಿ ಮಾಡಿಕೊಳ್ಳಬೇಕಾದರೆ ಪೆಟ್ಟಿಗೆಯೇ ಗತಿ. ಪೇಟೆಯಲ್ಲಿ ಮೂರು ಜಾತಿಯ ಪೆಟ್ಟಿಗೆಗಳಿದ್ದವು. ಒಂದು ಬರೀ ಐಸು ತುಂಬುವ ಡಬ್ಬ. ಅದಕ್ಕೆ ಕರೆಂಟೇ ಬೇಡ. ಆ ಕಾರಣಕ್ಕೇ ಅವನಿಗೆ ಅದರ ಮೇಲೆ ತಾತ್ಸಾರ. ಊಟವೇ ಇಲ್ಲದವನನ್ನು ಉಪವಾಸದವನು ಎನ್ನಲಾಗುತ್ತದೆಯೆ? ಎರಡನೆಯದು ಸಣ್ಣ ಫ್ಯಾನು ತಿರುಗುವ ಹಗುರ ಪೆಟ್ಟಿಗೆ. ಬಿಸಿಲು ಹೆಚ್ಚಾದರೆ ಅದೂ ಬೆವರುತ್ತದೆ, ನಿಲ್ಲದೆ ಓಡುತ್ತದೆ, ಬ್ಯಾಟರಿಯನ್ನು ಜಿಗಣೆಯ ಹಾಗೆ ಹೀರುತ್ತದೆ. ದೊಡ್ಡವರ ಹಳೆಯದು ಇದೇ ಜಾತಿಯದ್ದಿರಬೇಕು. ಮೂರನೆಯದು ಮನೆಯ ಫ್ರಿಜ್ಜನ್ನೇ ಕುಗ್ಗಿಸಿದಂತೆ ಕಂಪ್ರೆಸರ್ ಇರುವಂಥದ್ದು. ಅದರಲ್ಲೂ ಗೋಡೆ ದಪ್ಪಗಿದ್ದಷ್ಟು ಕರೆಂಟು ಕಡಿಮೆ. ಈಗ ಅವನು ಕಿವಿಯೊತ್ತಿ ಕೂತಿದ್ದ ಪೆಟ್ಟಿಗೆಯ ಗೋಡೆ ಅವನ ಅಂಗೈ ಅಗಲಕ್ಕಿಂತ ದಪ್ಪ. ಹೊರಗಿನಿಂದ ನೋಡಿದರೆ ಒಂದು ಕರುವನ್ನು ಮಲಗಿಸಬಹುದು. ಒಳಗೆ ಕೈಯಿಟ್ಟರೆ ಮೊಣಕೈ ಮುಳುಗುವ ಮೊದಲೇ ತಳ ಸಿಗುತ್ತಿತ್ತು. ಮುಚ್ಚಳ ಎತ್ತಿ ಅವನು ಒಳಗೆ ಮೂಗಿಟ್ಟ. ಹೊಸ ರಬ್ಬರಿನ ವಾಸನೆ.

ಕಾರ್ಖಾನೆಯ ಆ ಹಳೆಯ ಫ್ರಿಜ್ಜಿನ ರಬ್ಬರು ಕಪ್ಪಾಗಿ ಸೀಳಿತ್ತು, ಅದಕ್ಕೆ ಮೊಸರಿನದೋ ತಂಗಳು ಬ್ರೆಡ್ಡಿನದೋ ವಾಸನೆ ಹತ್ತಿತ್ತು. ಸ್ಟಾಫ್ ರೂಮಿನ ಮೂಲೆಯಲ್ಲಿ ಗೊರಗೊರ ಎನ್ನುತ್ತ ನಿಂತಿರುತ್ತಿತ್ತು. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ಯಾರೂ ಇಲ್ಲದಾಗ ಅವನು ಥರ್ಮಾಮೀಟರ್ ಇಡಲೆಂದು ಬಾಗಿಲು ತೆಗೆದಾಗ ಮೇಲಿನ ತಟ್ಟೆ ಖಾಲಿ ಇತ್ತು. ಕೆಳಗಿನದರಲ್ಲಿ ತೊಳೆದು ಬೋರಲು ಹಾಕಿದ ಎರಡು ಪುಟ್ಟ ಬಾಟಲಿ, ಪಕ್ಕದಲ್ಲಿ ಮಡಿಸಿಟ್ಟ ನೀಲಿ ಬಟ್ಟೆಯ ಚೀಲ. ಯಾರದ್ದೆಂದು ಕೇಳಬೇಕಿರಲಿಲ್ಲ. ಬಿಲ್ ಸೆಕ್ಷನ್ನಿನವಳು ಹೆರಿಗೆ ರಜೆ ಮುಗಿಸಿ ಆಗಷ್ಟೇ ಬಂದಿದ್ದಳು. ಮಧ್ಯಾಹ್ನ ಹಳೆಯ ಫೈಲಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಮಗುವಿಗೆಂದು ಹಾಲು ತೆಗೆಯುತ್ತಾಳೆ, ಬರುವಾಗ ಚೀಲವನ್ನು ಸೆರಗಿನ ಮರೆಗೆ ಹಿಡಿದು ತಂದು ಫ್ರಿಜ್ಜಿನಲ್ಲಿಡುತ್ತಾಳೆ, ಸಂಜೆ ಒಯ್ಯುತ್ತಾಳೆ ಎಂಬುದು ಇಡೀ ಮಹಡಿಗೆ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅವನು ಬಾಗಿಲು ಮುಚ್ಚಿದ್ದ. ಹನ್ನೊಂದಕ್ಕೆ ಮೀಟಿಂಗು. ಎಲ್ಲಿ ಉಳಿಸಬಹುದು ಹೇಳ್ರೀ ಎಂದು ದೊಡ್ಡವರು ಕೇಳಿದಾಗ ಅವನ ಬಳಿ ಏನೂ ಇರಲಿಲ್ಲ. ಯಂತ್ರಗಳ ವಿಷಯ ಎತ್ತಿದರೆ ಯಂತ್ರದವರು ಜಗಳಕ್ಕೆ ಬರುತ್ತಾರೆ, ಏಸಿಯ ವಿಷಯ ಎತ್ತಿದರೆ ಏಸಿ ಇರುವುದೇ ದೊಡ್ಡವರ ಕೋಣೆಯಲ್ಲಿ. "ಸ್ಟಾಫ್ ರೂಮಿನ ಫ್ರಿಜ್ಜು ಸಾರ್, ಸಿಕ್ಕಾಪಟ್ಟೆ ತಿನ್ನತ್ತೆ" ಎಂದ. "ಅದ್ರಲ್ಲಿ ಏನಿರತ್ತೆ?" ಎಂದರು. "ಏನಿಲ್ಲ ಸಾರ್. ಹಳೇ ಬ್ರೆಡ್ಡು." ಹಾಗೆ ಎರಡು ಪದ. ಮರುದಿನ ಫ್ರಿಜ್ಜು ಹೋಯಿತು. ಮಧ್ಯಾಹ್ನ ಅವಳು ಚೀಲ ಹಿಡಿದು ಬಂದು, ನೆಲದ ಮೇಲೆ ಉಳಿದಿದ್ದ ಚೌಕನೆಯ ಬಿಳಿ ಗುರುತನ್ನು ನೋಡುತ್ತ ನಿಂತಳು. "ಫ್ರಿಜ್ ರಿಪೇರಿಗೆ ಹೋಯ್ತಾ ಸಾರ್?" ಎಂದಳು. "ಇಲ್ಲ, ತೆಗೆದ್ರು. ಕರೆಂಟ್ ಜಾಸ್ತಿ ತಿಂತಿತ್ತು" ಎಂದು ಅವನು ತನ್ನ ಟಿಫಿನ್ ಡಬ್ಬಿಯೊಳಗೆ ನೋಡಿಕೊಂಡು ಹೇಳಿದ. 'ತೆಗೆದ್ರು' ಎಂಬ ಪದವನ್ನು ಎಷ್ಟು ಬೇಗ ಹುಡುಕಿಕೊಂಡೆ ಎಂದು ಅವನಿಗೆ ಆಮೇಲೂ ಸೋಜಿಗ. ಅವಳು "ಓ" ಎಂದು ಹೋದಳು. ಗೋಡೆಯಾಚೆ ನಲ್ಲಿ ಬಿಟ್ಟ ಸದ್ದು ಕೇಳಿತು, ಬಹಳ ಹೊತ್ತು. ಆ ಉಳಿತಾಯಕ್ಕೆ ಅವನಿಗೊಂದು ಪ್ರಶಸ್ತಿ ಪತ್ರ ಕೊಟ್ಟರು, ಚೌಕಟ್ಟು ಹಾಕಿಸಿ.

"ಗಂಡಾ ಹೆಣ್ಣಾ ಸಾರ್?" ಮಾಲೀಕ ಅಲ್ಲಿಂದಲೇ ಕೂಗಿದ.

"ಇದನ್ನೇ ಹಾಕಿ" ಎಂದ ಅವನು. ಪೆಟ್ಟಿಗೆ ಆಗಷ್ಟೇ ಮತ್ತೆ ಮೆಲ್ಲಗೆ ಉಸಿರಾಡತೊಡಗಿತ್ತು.

ಮನೆಯಲ್ಲಿ ಹೆಂಡತಿ ಪೆಟ್ಟಿಗೆಗೆ ಒಂದು ಸುತ್ತು ಬಂದಳು. ಅದನ್ನು ತನ್ನ ವ್ಯಾನಿನಲ್ಲಿ ತಂದಿಳಿಸಿದ ಬಾಮೈದ ಸೊಂಟ ಹಿಡಿದುಕೊಂಡು ಸೋಫಾದಲ್ಲಿ ಬಿದ್ದಿದ್ದ.

"ಇದೇನ್ರಿ, ಹೆಣದ ಪೆಟ್ಟಿಗೆ ಥರ ಇದೆ."

"ಗೋಡೆ ದಪ್ಪ ಕಣೇ. ಅದಕ್ಕೇ ಕರೆಂಟ್ ಕಡಿಮೆ."

ಅವಳು ಮುಚ್ಚಳ ಎತ್ತಿದಳು. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಇದಕ್ಕೆ ಅದೂ ಹಿಡಿಯಲ್ಲ. ಐಸ್ ಹಾಕಿ ಒಂದು ಡಬ್ಬ ತಗೊಂಡು ಹೋಗಿದ್ರೆ ಆಗ್ತಿರ್ಲಿಲ್ವಾ?"

"ಐಸ್ ಕರಗತ್ತೆ."

"ಕರಗೋದ್ರೊಳಗೆ ಕುಡಿದು ಮುಗಿಸ್ತಾರೆ ಭಾವ" ಎಂದ ಬಾಮೈದ. "ಬಿಯರ್ ತಣ್ಣಗಿರ್ಬೇಕು, ಅಷ್ಟೇ ತಾನೆ? ನೀವು ಅದಕ್ಕೆ ಹೃದಯದ ಆಪರೇಷನ್ನಿಗೆ ಹೊರಟಂಗೆ ಹೊರಟಿದೀರ. ಅಂದಹಾಗೆ ಬೋಟ್ ಎಷ್ಟು ದೊಡ್ಡದು?"

"ದೊಡ್ಡದೇ."

"ನೋಡಿದೀರಾ?"

"ನೋಡದೆ ಏನು?"

ನೋಡಿದ್ದು ಫೋಟೋದಲ್ಲಿ. ದೊಡ್ಡವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಅದು ತೂಗುತ್ತಿತ್ತು. ನೀರಿನ ಮಟ್ಟದಿಂದ ಮೇಲ್ಮುಖವಾಗಿ ತೆಗೆದ ಚಿತ್ರ. ಬೋಟಿನ ಮೂತಿ ಆಕಾಶವನ್ನು ಸೀಳುವಂತೆ ಎದ್ದಿತ್ತು, ಮೇಲೆ ಕರಿ ಕನ್ನಡಕದಲ್ಲಿ ದೊಡ್ಡವರು. ಬೈಸಿಕೊಳ್ಳಲು ಹೋದಾಗಲೆಲ್ಲ ಅವನು ದೃಷ್ಟಿಯನ್ನು ಆ ಚಿತ್ರದಲ್ಲಿ ನೆಡುತ್ತಿದ್ದ. ಹೀಗೆ ವರ್ಷಗಟ್ಟಲೆ ನೋಡಿ ನೋಡಿ ಅದು ಅವನ ತಲೆಯಲ್ಲಿ ಹಡಗಾಗಿತ್ತು. ನಿಜವಾದ ಅಳತೆ ಕೇಳೋಣವೆಂದು ಅವನು ಬುಧವಾರ ಖರೀದಿ ವಿಭಾಗದ ಮ್ಯಾನೇಜರಿನ ಮೇಜಿಗೆ ಹೋಗಿದ್ದ. ಆ ಮ್ಯಾನೇಜರು ಮೂಗು ಸುಲಿದವರ ಪೈಕಿ ಹಿರಿಯ. "ಬೋಟಲ್ಲಿ ಸಾಮಾನು ಇಡೋಕೆ ಜಾಗ ಹೆಂಗೆ..." ಎಂದು ಶುರು ಮಾಡಿದ್ದೇ ಆ ಮನುಷ್ಯ ಪೆನ್ನು ಕೆಳಗಿಟ್ಟು, ಪಕ್ಕದ ಮೇಜಿನವರಿಗೂ ಕೇಳುವಷ್ಟು ಮೃದುವಾಗಿ, "ಅಯ್ಯೋ, ನೀವು ಇನ್ನೂ ಒಂದ್ಸಲನೂ ಹೋಗಿಲ್ವಾ?" ಎಂದ. "ಹೋಗಿದೀನಲ್ಲ. ಮೊದಲೊಂದ್ಸಲ" ಎಂಬ ಮಾತು ಅವನ ಬಾಯಿಂದ ಜಾರಿತು. "ಹೌದಾ? ಹಾಗಿದ್ರೆ ಗೊತ್ತೇ ಇರತ್ತಲ್ಲ." ಗೊತ್ತಿದ್ದವನಂತೆ ತಲೆಯಾಡಿಸಿ ಅವನು ಹಿಂತಿರುಗಿದ. ದಾರಿಯಲ್ಲಿ ಬಿಲ್ ಸೆಕ್ಷನ್ನಿನವಳು ಎದುರಾಗಿ "ನಮಸ್ತೆ ಸಾರ್" ಎಂದಳು. ಅವಳು ಯಾವಾಗಲೂ ಹಾಗೆಯೇ, ಒಂದೇ ದನಿಯಲ್ಲಿ, ಒಂದೇ ಅಳತೆಯ ನಗುವಿನಲ್ಲಿ ನಮಸ್ತೆ ಎನ್ನುತ್ತಿದ್ದಳು. ಆ ನಗುವಿನೊಳಗೆ ಏನಾದರೂ ಇದೆಯೇ ಎಂದು ಅವನು ಪ್ರತಿ ಸಲ ಹುಡುಕುತ್ತಿದ್ದ. ಬೈದುಬಿಟ್ಟಿದ್ದರೆ, ಯಾರ ಬಳಿಯಾದರೂ ದೂರು ಹೇಳಿದ್ದರೆ ಇವನೂ ಸಿಟ್ಟಾಗಿ, ಕಾನೂನು ಹೇಳಿ, ಮರೆಯಬಹುದಿತ್ತು. ನಮಸ್ತೆಗೆ ಏನು ಮಾಡುವುದು?

ಭಾನುವಾರ ಬೆಳಿಗ್ಗೆ ಬಾಮೈದನ ವ್ಯಾನಿನಲ್ಲಿ ಪೆಟ್ಟಿಗೆಯ ಜೊತೆ ಗಂಡಹೆಂಡಿರೂ ಕೂತು ಹೊರಟರು. ಹೆಂಡತಿ ಹೊಸ ಚಪ್ಪಲಿ ಹಾಕಿದ್ದಳು. ಬರುವುದಿಲ್ಲ, ನಿಮ್ಮ ಆಫೀಸಿನವರ ಮುಖ ನೋಡಿ ನನಗೇನಾಗಬೇಕು ಎಂದು ಶನಿವಾರದವರೆಗೂ ಅನ್ನುತ್ತಿದ್ದವಳು ಈಗ ಕಿಟಕಿಯ ಗಾಳಿಗೆ ಕೂದಲು ಬಿಟ್ಟುಕೊಂಡು ಯಾವುದೋ ರಾಗ ಗುನುಗುತ್ತಿದ್ದಳು. ಅವನಿಗೆ ಗುನುಗು ಕೇಳಲಿಲ್ಲ. ಪೆಟ್ಟಿಗೆ ವ್ಯಾನಿನ ಪ್ಲಗ್ಗಿಗೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದ. ಅಣೆಕಟ್ಟಿನ ಹಿನ್ನೀರು ದೂರದಿಂದ ತಗಡಿನ ಹಾಗೆ ಮಿಂಚಿತು. ನಾಳೆ ಕಿಟಕಿ ಪಕ್ಕದ ಮೇಜಿನಲ್ಲಿ ಯಾರ ಎದುರು ಕೂರುವುದು, ಮೊದಲ ಮಾತು ತಾನಾಡುವುದೋ ಅವರು ಕೇಳುವವರೆಗೆ ಕಾಯುವುದೋ? ಕಾಯುವುದೇ ಘನತೆ. 'ಪೆಟ್ಟಿಗೆ ಹೆಂಗಿತ್ತು?' ಎಂದು ಯಾರೋ ಕೇಳುತ್ತಾರೆ. 'ಪರವಾಗಿಲ್ಲ' ಎನ್ನಬೇಕು. 'ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು' ಎಂದು ದೊಡ್ಡವರೇ ಹೇಳಬೇಕು.

ಸಿಮೆಂಟಿನ ಮೆಟ್ಟಿಲುಗಳ ಕೆಳಗೆ, ಹಳೆಯ ಟೈರುಗಳಿಗೆ ಉಜ್ಜಿಕೊಂಡು ಬೋಟು ತೇಲುತ್ತಿತ್ತು. ಗೋಡೆಯ ಮೇಲೆ ಹಡಗಾಗಿದ್ದದ್ದು ನೀರಿನ ಮೇಲೆ ಚಪ್ಪಲಿಯಷ್ಟಿತ್ತು. ಮುಂದೆ ಎರಡು ಸೀಟು, ಹಿಂದೆ ನಾಲ್ಕು ಜನ ಒತ್ತಿಕೊಂಡು ಕೂರಬಹುದಾದ ಒಂದು ಬೆಂಚು, ನಡುವೆ ಕಾಲಿಡುವಷ್ಟು ಜಾಗ. ಅವನು ವ್ಯಾನಿನಲ್ಲಿದ್ದ ಪೆಟ್ಟಿಗೆಯ ಕಡೆ ತಿರುಗಿ ನೋಡಿದ. ಖರೀದಿಯವನು ಆಗಲೇ ಮಂಡಿಯವರೆಗೆ ಪ್ಯಾಂಟು ಮಡಚಿ ಒಳಗೆ ನಿಂತಿದ್ದ. "ಬನ್ನಿ ಬನ್ನಿ, ನೀವು ಹಳಬರು, ಎಲ್ಲಿ ಕಾಲಿಡ್ಬೇಕು ಅಂತ ನಿಮಗೆ ಹೇಳ್ಬೇಕಾ" ಎಂದು ಕೈ ನೀಡಿದ. ಹಳಬ ಅಂಚಿನ ಮೇಲೆ ಕಾಲಿಟ್ಟ. ಬೋಟು ಒಂದು ಮಗ್ಗುಲಿಗೆ ವಾಲಿ, ದೊಡ್ಡವರ ಹೆಂಡತಿ ಅಯ್ಯಯ್ಯೋ ಎಂದು ಕಂಬಿ ಹಿಡಿದುಕೊಂಡರು. ಅವನು ಬಾಮೈದನ ಕುತ್ತಿಗೆಗೆ ಜೋತುಬಿದ್ದು ಮೆಟ್ಟಿಲಿಗೆ ವಾಪಸಾದ. "ಅಂಚಿಗೆ ಇಡ್ಬಾರ್ದು ಕಣ್ರೀ, ನಡುವೆ ಇಡ್ಬೇಕು" ಎಂದರು ದೊಡ್ಡವರು. ಎಲ್ಲರಿಗಿಂತ ಮೊದಲು ಅವನೇ ನಕ್ಕ. ಪೆಟ್ಟಿಗೆಯನ್ನು ಮೂವರು ಸೇರಿ ಇಳಿಸಿದರು. ಕಾಲಿಡುವ ಜಾಗದಲ್ಲಿ ಅದು ಕೂರಲಿಲ್ಲ. ಬೆಂಚಿನ ತುದಿಯಲ್ಲಿ, ಪ್ಲಗ್ಗಿನ ಪಕ್ಕದಲ್ಲಿ ಕೂರಿಸಿದರು. ಸದ್ಯಕ್ಕೆ ಎಂದು ಅವನು ತನಗೇ ಹೇಳಿಕೊಂಡ. ಬಾಮೈದ ಸಂಜೆ ಬರುತ್ತೇನೆಂದು ವ್ಯಾನು ತಿರುಗಿಸಿಕೊಂಡು ಹೋದ.

ಒಂದು ಕ್ಷಣ ಅವನು ಬಯಸಿದ್ದೆಲ್ಲವೂ ನಡೆಯಿತು. ದೊಡ್ಡವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, "ಓಡ್ತಾ ಇದೆಯೇನ್ರಿ? ಸದ್ದೇ ಇಲ್ಲ" ಎಂದರು. ಅವನು ಮೀಟರು ತೋರಿಸಿದ. "ಇಷ್ಟೇನಾ?" ಎಂದು ಅವರು ಖರೀದಿಯವನ ಕಡೆ ತಿರುಗಿ, "ನೋಡ್ರಿ, ಇದು ಕೆಲಸ ಅಂದ್ರೆ" ಎಂದರು. ಖರೀದಿಯವನು ತನ್ನ ಪಾದಗಳನ್ನು ನೋಡಿಕೊಂಡ. ಆ ಮನುಷ್ಯ ಹೀಗೆ ಪಾದ ನೋಡಿಕೊಳ್ಳುವ ದಿನಕ್ಕಾಗಿ ಇವನು ಎಷ್ಟು ಸೋಮವಾರ ಕಾದಿದ್ದ.

ಆಗ ಬಿಲ್ ಸೆಕ್ಷನ್ನಿನವಳು ಮೆಟ್ಟಿಲಿಳಿದು ಬಂದಳು. ಅವಳನ್ನೂ ಕರೆದಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಕಂಕುಳಲ್ಲಿ ಟೋಪಿ ಹಾಕಿದ ಹೆಣ್ಣುಮಗು. ಅವನ ಕಣ್ಣು ಮಗುವಿನ ಮೇಲೆ ಹೋಗಿ ಅಲ್ಲೇ ತಡಕಾಡತೊಡಗಿತು: ಕಾಲು ಸಣಕಲಾಗಿದೆಯೇ, ಕಣ್ಣು ಒಳಸರಿದಿದೆಯೇ, ಕೆಮ್ಮುತ್ತದೆಯೇ? ಮಗು ಕುಂಬಳಕಾಯಿಯ ಹಾಗೆ ಗುಂಡಗಿತ್ತು. ಎರಡೂ ಮುಷ್ಟಿಯಲ್ಲಿ ಬಿಸ್ಕತ್ತು ಹಿಡಿದುಕೊಂಡು ಒಂದೊಂದನ್ನೂ ಸರದಿಯಂತೆ ಚೀಪುತ್ತಿತ್ತು. ಅವನಿಗೆ ನಿರಾಳವಾಯಿತು, ನಿರಾಳದ ಬೆನ್ನಿಗೇ ಮೋಸಹೋದವನಿಗೆ ಆಗುವಂಥ ಸಿಟ್ಟು ಬಂತು. ಇಷ್ಟು ದಿನ ತಾನು ಹೊತ್ತದ್ದಕ್ಕೆ ಒಂದು ಸಣ್ಣ ರಸೀದಿಯಾದರೂ ಬೇಡವೇ? ಅವಳು ಅದೇ ಅಳತೆಯ ನಗುವಿನಲ್ಲಿ "ನಮಸ್ತೆ ಸಾರ್. ಫ್ರಿಜ್ ತಂದಿದೀರಂತೆ. ಒಳ್ಳೇದಾಯ್ತು" ಎಂದು ಚೀಲದಿಂದ ಮಗುವಿನ ಹಾಲಿನ ಬಾಟಲಿ ತೆಗೆದಳು. "ಇದನ್ನ ಒಳಗಿಡ್ಲಾ? ಬಿಸಿಲಿಗೆ ಹಾಲು ಒಡೆದುಹೋಗತ್ತೆ." ಅವನು ಅವಳ ಮುಖ ನೋಡಿದ. ಚುಚ್ಚುತ್ತಿದ್ದಾಳೆಯೇ? ಮುಖದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. "ಇಡಿ, ಇಡಿ" ಎಂದ. ಬಾಟಲಿಗೆ ಜಾಗ ಮಾಡಲು ಎರಡು ಬಿಯರನ್ನು ಅವನೇ ಎತ್ತಿ ಹೊರಗಿಟ್ಟ.

ಎಲ್ಲರೂ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಹಾಕಿ ಕೂತರು. ಮುಂದೆ ದೊಡ್ಡವರು, ಅವರ ಹೆಂಡತಿ. ಹಿಂದೆ ಖರೀದಿಯವನು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಬಿಲ್ ಸೆಕ್ಷನ್ನಿನವಳು, ಅವನ ಹೆಂಡತಿ, ಪೆಟ್ಟಿಗೆ. ಅವನು ನಡುವೆ, ಜಾಕೆಟಿನ ಬಕಲ್ ಹಾಕುತ್ತ, ಯಾರ ಮಂಡಿಗೂ ತಗುಲದ ಹಾಗೆ ಬಗ್ಗಿಕೊಂಡು ನಿಂತಿದ್ದ. ಬಕಲ್ ಬಿದ್ದಾಗಿತ್ತು, ಆದರೂ ಬೆರಳುಗಳಿಗೆ ಕೆಲಸ ಕೊಡುತ್ತಲೇ ಇದ್ದ.

"ಕೂತ್ಕೊಳ್ರಿ" ಎಂದು ದೊಡ್ಡವರು ತಿರುಗಿದರು. ಒಮ್ಮೆ ಬೆಂಚನ್ನು, ಒಮ್ಮೆ ಅವನನ್ನು ನೋಡಿದರು. "ಓ."

"ನೆಲದ ಮೇಲೆ ಕೂರ್ತೀನಿ ಸಾರ್."

"ನೆಲದ ಮೇಲೆ ಕೂತ್ರೆ ಅಣೆಕಟ್ಟಿನ ಕಾವಲಿನವನು ಬಿಡಲ್ಲ. ಹಿಂದೆ ಆಗಲೇ ನೀರಿಗೆ ತಾಗ್ತಿದೆ ನೋಡಿ. ಪೆಟ್ಟಿಗೆನ ಮುಂದೆ ಹಾಕೋಣ ಅಂದ್ರೆ ಮೂತಿ ಮುಳುಗತ್ತೆ. ಎಷ್ಟು ತೂಕರೀ ಇದು?"

ಅವನು ಹೇಳಿದ. ತೂಕ ಅವನಿಗೆ ಗೊತ್ತಿತ್ತು, ಪೆಟ್ಟಿಗೆಯ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. "ಒಂದು ಆಳು" ಎಂದ ಖರೀದಿಯವನು, ಈಗ ಪಾದ ನೋಡದೆ.

ನೀರು ಟೈರಿಗೆ ಪಚಪಚ ಬಡಿಯುತ್ತಿತ್ತು. ಪೆಟ್ಟಿಗೆ ದಡದಲ್ಲೇ ಇರಲಿ, ಜನ ಮುಖ್ಯ ಎಂಬ ಒಂದು ಮಾತು ಯಾರ ಬಾಯಿಂದಾದರೂ ಬರಬಹುದೆಂದು ಅವನು ಕಾದ. ಅಷ್ಟು ಸಣ್ಣ ಮಾತು, ಯಾರಿಗೂ ನಷ್ಟವಿಲ್ಲದ್ದು. ದೊಡ್ಡವರು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಅವರ ಹೆಂಡತಿ ಸೆಖೆ, ಸೆಖೆ ಎಂದು ಸೆರಗಿನಿಂದ ಗಾಳಿ ಹಾಕಿಕೊಂಡು ಪೆಟ್ಟಿಗೆಯ ಕಡೆ ನೋಡಿದರು. ಅವನು ತನ್ನ ಹೆಂಡತಿಯ ಕಡೆ ನೋಡಿದ. ಅವಳು ನೀರು ನೋಡುತ್ತಿದ್ದಳು. ಬೇಕೆಂತಲೇ ನೋಡುತ್ತಿದ್ದಾಳೆಂದು ಕುತ್ತಿಗೆಯ ಬಿಗಿತದಿಂದ ಗೊತ್ತಾಗುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ ಅವನಿಗೆ ಅವಳ ಮುಖದಲ್ಲಿ ಒಂದು ಖುಷಿ ಕಂಡಿತು, ಅದನ್ನು ಅವಳು ಅವನಿಗಾಗಿ ಕೆಳಗಿಳಿಸುವವಳಲ್ಲ. ನೀವೇ ತಂದ ಪೆಟ್ಟಿಗೆ ತಾನೆ ಎಂದು ಆ ಕುತ್ತಿಗೆ ಹೇಳುತ್ತಿತ್ತು.

ಬಿಲ್ ಸೆಕ್ಷನ್ನಿನವಳು ಮಗುವನ್ನು ಎತ್ತಿಕೊಂಡು ಎದ್ದಳು. "ನಾನ್ ಇಳೀತೀನಿ ಸಾರ್. ಇವಳಿಗೂ ಬಿಸಿಲು ಜಾಸ್ತಿ. ನೀವು ಹೋಗ್ಬನ್ನಿ. ಆ ಬಾಟ್ಲಿ ಒಂದು ತೆಗೆದುಕೊಟ್ಬಿಡಿ."

ಸರಿ ಎನ್ನಬಹುದಿತ್ತು. ಬಾಯಿಯವರೆಗೆ ಸರಿ ಬಂದಿತ್ತು ಕೂಡ. ಮುಚ್ಚಳ ಎತ್ತಿ, ಬಾಟಲಿ ತೆಗೆದು ಅವಳ ಕೈಗಿಟ್ಟರೆ ಆ ಬೆಂಚಿನ ಮೇಲೆ ಬೆಚ್ಚಗಿನ ಒಂದು ಜಾಗ ಅವನದು. ಅವನ ಕೈ ಮುಚ್ಚಳದವರೆಗೆ ಹೋಯಿತು, ಹೋಗಿ ನಿಂತಿತು. "ಬೇಡ ಬೇಡ" ಎಂದು ಯಾರೋ ಹೇಳಿದರು. ಅವನೇ. "ನಾನೇ ಇಳೀತೀನಿ. ನೀವು ಕೂತ್ಕೊಳ್ಳಿ." ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು, ಈ ಸಲ ಅಂಚು ತುಳಿಯಲಿಲ್ಲ, ಬೋಟು ಅಲುಗಲೂ ಇಲ್ಲ. ಅಲುಗದ್ದೇ ಅವನಿಗೆ ಅವಮಾನವೆನಿಸಿತು.

"ಛೆ, ಹಿಂಗಾಯ್ತಲ್ಲ" ಎಂದರು ದೊಡ್ಡವರು, ಕೀಲಿ ತಿರುಗಿಸುತ್ತ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಜಾಕೆಟ್ ಬಿಚ್ಚಿ ಅಲ್ಲಿ ಕಾವಲಿನವನಿಗೆ ಕೊಟ್ಬಿಡಿ."

"ರೀ, ವ್ಯಾನ್ ಬರೋವರೆಗೆ ನೆರಳಲ್ಲಿ ಕೂತಿರಿ" ಎಂದು ಹೆಂಡತಿ ಕೂಗಿದಳು.

ಬೋಟು ಮೆಟ್ಟಿಲಿನಿಂದ ಸರಿದು, ಹಿಂಭಾಗ ತಗ್ಗಿಸಿಕೊಂಡು ನೀರಿನ ಮೇಲೆ ಹೊರಟಿತು. ಜಾಕೆಟ್ ಬಿಚ್ಚುವುದು ಮರೆತು ಅವನು ನಿಂತೇ ಇದ್ದ. ಎದೆಯೊಳಗೆ ಒಂದು ಹಿತವಾದ ಭಾರ ತುಂಬಿಕೊಳ್ಳುತ್ತಿತ್ತು. ನಾನು ಇಳಿದೆ. ಅವಳಿಗಾಗಿ, ಮಗುವಿಗಾಗಿ ಇಳಿದೆ. ಅಂದು ಆಡಿದ ಎರಡು ಪದಕ್ಕೆ ಇಂದು ಇಳಿದ ಒಂದು ಮೆಟ್ಟಿಲು, ಚುಕ್ತಾ. ಹಾಗೆಂದುಕೊಳ್ಳುತ್ತಿದ್ದಂತೆಯೇ ಇನ್ನೊಂದು ದನಿ, ಹೆಂಡತಿಯದ್ದೇ ದನಿಯಂಥದ್ದು, ಕೇಳಿತು: ಬಾಟಲಿ ತೆಗೆದುಕೊಡಿ ಅಂದಾಗ ನಿಮಗಾದದ್ದು ಕನಿಕರವೇನ್ರಿ, ಹೆದರಿಕೆ ತಾನೆ? ಆ ಬಾಟಲಿಯನ್ನು ಇನ್ನೊಂದು ಸಲ ಅವಳ ಕೈಗೆ ಕೊಟ್ಟು ಕಳಿಸುವ ಧೈರ್ಯ ಸಾಲದೆ ಇಳಿದದ್ದು ತಾನೆ? ಹೆದರಿಕೆಯೇ ಇರಲಿ, ಇಳಿದದ್ದು ಇಳಿದದ್ದೇ. ಬಿಲ್ ಸೆಕ್ಷನ್ನಿನವಳಿಗೆ ಅದು ಗೊತ್ತಾಗಬೇಕಿತ್ತು ಅಷ್ಟೆ. ಅವಳು ಒಮ್ಮೆ ತಿರುಗಿ ನೋಡಿದರೆ ಸಾಕಿತ್ತು. ಅವಳು ಮಗುವಿನ ಟೋಪಿಯ ದಾರ ಕಟ್ಟುತ್ತಿದ್ದಳು. ಕೂಗಿ ಹೇಳಿಬಿಡಲೇ, ಇದು ಅದಕ್ಕೆ ಎಂದು? ಹೇಳಿದರೆ, ಅಂದು ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಏನಿತ್ತೆಂದು ತಾನು ನೋಡಿದ್ದೆ ಎಂದೂ ಹೇಳಬೇಕಾಗುತ್ತದೆ.

ಬೋಟಿನಲ್ಲಿ ಅವನ ಹೆಂಡತಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಂದು ಬಾಟಲಿ ತೆಗೆದು ಖರೀದಿಯವನಿಗೆ ಕೊಟ್ಟಳು, ಇನ್ನೊಂದು ಮುಂದಕ್ಕೆ ಹೋಯಿತು. ಯಾರೋ ಏನೋ ಅಂದರು, ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮುಚ್ಚಳ ತೆರೆದೇ ಇತ್ತು. ಅವನು ಕಾದ, ಈಗ ಮುಚ್ಚುತ್ತಾಳೆ, ಈಗ. ಅವಳು ಮುಚ್ಚಳಕ್ಕೆ ಮೊಣಕೈ ಊರಿಕೊಂಡು ನೀರಿನ ಕಡೆ ತಿರುಗಿದಳು. ತಂಪೆಲ್ಲ ಹರಿದು ಹೋಗುತ್ತಿತ್ತು. ಕಣ್ಣಿಗೆ ಕಾಣುವಂತೆ, ಹೊಗೆಯ ಹಾಗೆ, ಪೆಟ್ಟಿಗೆಯ ಬಾಯಿಂದ ಸುರಿದು ಹೋಗುತ್ತಿತ್ತು. ಕಂಪ್ರೆಸರ್ ಓಡತೊಡಗಿರುತ್ತದೆ, ನಿಲ್ಲುವುದಿಲ್ಲ, ಬ್ಯಾಟರಿ ಇಳಿಯುತ್ತದೆ, ನಾಳೆ ಯಾರ ಹೆಸರು ಹೇಳುತ್ತಾರೆ? ಅವನು ಮೆಟ್ಟಿಲ ತುದಿಗೆ ಓಡಿದ. "ಮುಚ್ಚೇ" ಎಂದು ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಅದು ಅವನಿಗೇ ಕೇಳಲಿಲ್ಲ. ಎರಡೂ ತೋಳು ತಲೆಯ ಮೇಲೆತ್ತಿ, ಅಂಗೈಗಳನ್ನು ಕೆಳಗೆ ಒತ್ತಿ, ಮುಚ್ಚು, ಮುಚ್ಚು ಎಂದ. ಮತ್ತೆ ಎತ್ತಿದ, ಮತ್ತೆ ಒತ್ತಿದ.

ಮೊದಲು ನೋಡಿದ್ದು ಬಿಲ್ ಸೆಕ್ಷನ್ನಿನವಳು. ಅವಳು ಮಗುವಿನ ಕೈ ಹಿಡಿದು ಎತ್ತಿ ಆಡಿಸಿದಳು. ಆಮೇಲೆ ಖರೀದಿಯವನು, ದೊಡ್ಡವರ ಹೆಂಡತಿ, ಕೊನೆಗೆ ಅವನ ಹೆಂಡತಿ. ಎಲ್ಲರೂ ನಗುತ್ತ ಅವನ ಕಡೆ ಕೈ ಬೀಸಿದರು. ದೊಡ್ಡವರು ಒಮ್ಮೆ ಹಾರ್ನ್ ಕೂಡ ಒತ್ತಿದರು. ಅವನ ತೋಳುಗಳು ಗಾಳಿಯಲ್ಲಿ ಒಂದು ಕ್ಷಣ ಹಾಗೇ ನಿಂತವು. ಅವರೆಲ್ಲ ಇನ್ನೂ ಇತ್ತಲೇ ನೋಡುತ್ತಿದ್ದುದರಿಂದ, ಅವನು ಅಂಗೈಗಳನ್ನು ಅಡ್ಡಕ್ಕೆ ತಿರುಗಿಸಿ ತಾನೂ ಬೀಸತೊಡಗಿದ.